ಪದ್ಮಿನಿಯ ಹಿಂದಿನ ಮಡ್‌ಗಾರ್ಡ್: ತಗಡಿನ ಒಳಮಗ್ಗುಲು

ಗಾಡಿ 1986ರ ಪ್ರೀಮಿಯರ್ ಪದ್ಮಿನಿ, ಕೆನೆ ಬಣ್ಣ. ಜಾಗ ಕೋಲಾರದ ಅಂಚಿನಲ್ಲಿ ಮನೆ ಪಕ್ಕದ ಶೀಟಿನ ಶೆಡ್ಡು. ಎರಡು ಕಡೆ ಗೋಡೆ, ಎರಡು ಕಡೆ ಬಯಲು. ಎಡ ಹಿಂದಿನ ಮಡ್‌ಗಾರ್ಡಿಗೆ ಟ್ರ್ಯಾಕ್ಟರ್ ಟ್ರೇಲರಿನ ಮೂಲೆ ತಗುಲಿ 42 ಸೆಂ.ಮೀ. ಉದ್ದಕ್ಕೆ ತಗ್ಗಾಗಿದೆ, ತೀರಾ ಆಳ ಇರುವಲ್ಲಿ 26 ಮಿ.ಮೀ. ಚಕ್ರದ ಕಮಾನಿನ ಮೇಲಿಂದ ಶುರುವಾಗಿ ಟೈಲ್ ಲ್ಯಾಂಪಿನ ಕಡೆಗೆ ಎಳೆದುಕೊಂಡು ಹೋಗಿದೆ. ಮಡ್‌ಗಾರ್ಡಿನ ಮೇಲೆ ರೆಕ್ಕೆಯಂತೆ ಎದ್ದ ಭಾಗದ ಏಣು ಒಂದು ಗೇಣು ಉದ್ದಕ್ಕೆ ಕುಸಿದಿದೆ.

ನೋಡಿದರೆ ಒಂದು ದಿನದ ಟಿಂಕರಿಂಗ್. ಬಣ್ಣ ಒಣಗಲು ಬಿಟ್ಟ ದಿನ ಲೆಕ್ಕಕ್ಕೆ ಹಿಡಿಯದೆ ಹನ್ನೊಂದು ದಿನ ಆಯಿತು. ತಗ್ಗು ಎತ್ತಿದ್ದು ಅದರಲ್ಲಿ ಒಂದೂವರೆ ದಿನ. ಮಿಕ್ಕಿದ್ದೆಲ್ಲ ಕಣ್ಣಿಗೆ ಕಾಣದ ಒಳಮಗ್ಗುಲಿಗೆ ಹೋಯಿತು.

ಪದ್ಮಿನಿಗೆ ಬೇರೆ ಷಾಸಿ (ಅಡಿಯ ಚೌಕಟ್ಟು) ಇಲ್ಲ, ಬಾಡಿಯೇ ಷಾಸಿ. ಹಿಂದಿನ ಮಡ್‌ಗಾರ್ಡ್ ಆ ಬಾಡಿಗೇ ಬೆಸೆದುಕೊಂಡಿರುವುದರಿಂದ ಬೋಲ್ಟ್ ಬಿಚ್ಚಿ ಕೆಳಗಿಳಿಸುವ ಮಾತಿಲ್ಲ. 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಕುರ್ಲಾದಲ್ಲಿ ಶುರುವಾದ ವಿನ್ಯಾಸವೇ ಹೆಸರು ಬದಲಿಸಿಕೊಂಡು ಪದ್ಮಿನಿಯಾಗಿ ಸುಮಾರು 2000ದವರೆಗೆ ಬಂತು, ಬಾಡಿ ಹೆಚ್ಚು ಬದಲಾಗಲಿಲ್ಲ. ಹಾಗಾಗಿ ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಯಾವ ವರ್ಷದ ಗಾಡಿಯಿಂದ ಕತ್ತರಿಸಿದ ತುಂಡಾದರೂ ಬಹುಮಟ್ಟಿಗೆ ಕೂರುತ್ತದೆ. ತೊಂದರೆ ಏನೆಂದರೆ, ಈ ಗಾಡಿ ಎಲ್ಲಿ ತುಕ್ಕು ತಿಂದಿದೆಯೋ ಗುಜರಿ ತುಂಡೂ ಅಲ್ಲೇ ತಿಂದಿರುತ್ತದೆ. ಕಮಾನಿನ ಅಂಚನ್ನು ಹೊಸ ಶೀಟಿನಲ್ಲಿ ತಟ್ಟಿ ಮಾಡಿಕೊಳ್ಳುವುದೇ ವಾಸಿ.

ಮೊದಲು ಮ್ಯಾಗ್ನೆಟ್

ಸುತ್ತಿಗೆ ಹಿಡಿಯುವ ಮುಂಚೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಚಪ್ಪಟೆ ಮ್ಯಾಗ್ನೆಟ್ಟನ್ನು ಇಡೀ ಪ್ಯಾನೆಲಿನ ಮೇಲೆ ಆಡಿಸಬೇಕು. ಸ್ಪೀಕರಿನ ಮ್ಯಾಗ್ನೆಟ್ ಬೇಡ, ಅದು ದಪ್ಪ ಪುಟ್ಟಿಯ (ತಗ್ಗು ತುಂಬುವ ಲೇಪ) ಮೇಲೂ ಹಿಡಿದು ಸುಳ್ಳು ಹೇಳುತ್ತದೆ. ಇಲ್ಲಿ ತಗ್ಗಿನ ಮೇಲೆಲ್ಲ ಕಚ್ಚಿಕೊಂಡ ಮ್ಯಾಗ್ನೆಟ್ ಕಮಾನಿನ ಅಂಚಿಗೆ ಬಂದ ಕೂಡಲೆ ಜಾರಿ ನೆಲಕ್ಕೆ ಬಿತ್ತು. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಮೇಲೆ ಠಣ್ ಎನ್ನುವ ತಗಡು ಅಲ್ಲಿ ದಬ್ ಎಂದಿತು.

ಕೆರೆದಾಗ ಮೂರು ಪದರ ಬಣ್ಣ, ಅದರಡಿ 7 ಮಿ.ಮೀ. ಪುಟ್ಟಿ, ಅದರಡಿ ರಿವೆಟ್ ಹೊಡೆದ ಎಣ್ಣೆ ಡಬ್ಬಿಯ ತಗಡು. ತಗಡನ್ನು ಎಬ್ಬಿಸಿದರೆ ಹಿಂದೆ ಮೂಲ ಶೀಟೇ ಇಲ್ಲ. ಟೀಪುಡಿಯಂಥ ತುಕ್ಕು ಮತ್ತು ಒಂದು ಹಿಡಿ ಗಟ್ಟಿ ಮಣ್ಣು. ಉದುರಿಸಿದ ಹಳೇ ಪುಟ್ಟಿಯನ್ನು ತೂಗಿದರೆ 850 ಗ್ರಾಂ.

ಇದು ಹೀಗೇ ಏಕೆ ಆಗುತ್ತದೆ ಎಂದು ತಿಳಿದುಕೊಳ್ಳದೆ ಮುಂದೆ ಹೋದರೆ ಇದೇ ಕೆಲಸ ಮತ್ತೆ ಬರುತ್ತದೆ. ಹೊರಗಿನ ಮಡ್‌ಗಾರ್ಡೂ ಒಳಗಿನ ಚಕ್ರದ ಗೂಡೂ ಕಮಾನಿನ ಅಂಚಿನಲ್ಲಿ ಒಂದರ ಮೇಲೊಂದು ಮಡಚಿ ಸೇರುತ್ತವೆ. ಚಕ್ರ ಎರಚುವ ಮಣ್ಣು ಆ ಸಂದಿಯಲ್ಲಿ ಕೂತು ಮಳೆ ನಿಂತು ವಾರವಾದರೂ ಹಸಿಯಾಗೇ ಇರುತ್ತದೆ. ಅದರ ಮೇಲೆ ಇನ್ನೊಂದು ತಗಡು ಹೊದಿಸಿ ರಿವೆಟ್ ಹೊಡೆದರೆ ನೀರು ಹೀರಿ ಹಿಡಿದುಕೊಳ್ಳಲು ಇನ್ನೊಂದು ಸಂದಿ ಸಿಕ್ಕಂತಾಯಿತು. ಸಾಲದ್ದಕ್ಕೆ ಪುಟ್ಟಿ ತಾನೂ ನೀರು ಕುಡಿಯುತ್ತದೆ. ಹೊರಗೆ ಬಣ್ಣ ಉಬ್ಬಿ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಶೀಟು ಮುಗಿದಿರುತ್ತದೆ.

ಬಿಚ್ಚಿದ್ದು

ಬ್ಯಾಟರಿಯ ಎರಡೂ ಟರ್ಮಿನಲ್. ಟೈಲ್ ಲ್ಯಾಂಪು ಮತ್ತು ಅದರ ವೈರು. ಹಿಂದಿನ ಸೀಟು, ಡಿಕ್ಕಿಯ ಮ್ಯಾಟು, ಕ್ರೋಮ್ ಬೀಡಿಂಗು, ಚಕ್ರ. ಗಾಡಿಯನ್ನು ಜ್ಯಾಕಿನ ಮೇಲೆ ಬಿಡದೆ ಸ್ಟ್ಯಾಂಡಿನ ಮೇಲೆ ಕೂರಿಸಬೇಕು, ತಟ್ಟುವಾಗ ಅಲ್ಲಾಡುತ್ತದೆ.

ಪೆಟ್ರೋಲ್ ಟ್ಯಾಂಕು ಹಿಂದುಗಡೆಯೇ ಇರುವುದರಿಂದ ಅದನ್ನು ಇಳಿಸಿ ಶೆಡ್ಡಿನಿಂದಾಚೆಗೆ ಒಯ್ಯದೆ ವೆಲ್ಡಿಂಗ್ ಮಾಡುವಂತಿಲ್ಲ. ಪೆಟ್ರೋಲ್ ಬಸಿದಿದ್ದೇವಲ್ಲ ಎಂಬುದು ಸಮಾಧಾನವಲ್ಲ: ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಯೇ ಹೆಚ್ಚು ಅಪಾಯ. ಗೂಡಿನ ಒಳಗೆ ಬಳಿದ ಡಾಂಬರಿನಂಥ ಅಂಡರ್‌ಕೋಟನ್ನು ವೆಲ್ಡಿಂಗ್ ಗೆರೆಯಿಂದ ನಾಲ್ಕು ಬೆರಳು ಅಗಲಕ್ಕೆ ಕೆರೆದು ತೆಗೆಯಬೇಕು. ಅದು ಜ್ವಾಲೆ ಇಲ್ಲದೆ ಒಳಗೊಳಗೇ ಕೆಂಡವಾಗುತ್ತದೆ. ಒಂದು ಬಕೆಟ್ ಮರಳು, ಬೆಂಕಿ ಆರಿಸುವ ಪೌಡರ್ ಸಿಲಿಂಡರು ಕೈಗೆಟುಕುವಲ್ಲಿ ಇರಲಿ. ಕೊನೆಯ ಟ್ಯಾಕ್ (ಚುಕ್ಕೆ ಬೆಸುಗೆ) ಹಾಕಿದ ಮೇಲೆ ಒಂದು ಗಂಟೆ ಅಲ್ಲಿಂದ ಕದಲಬೇಡಿ.

ತಗ್ಗು ಎತ್ತಿದ್ದು

ನಡುವಿನ ಆಳಕ್ಕೆ ಹಿಂದಿನಿಂದ ಬಲವಾಗಿ ಗುದ್ದುವುದೇ ಎಲ್ಲರೂ ಮಾಡುವ ಮೊದಲ ತಪ್ಪು. ಪೆಟ್ಟು ನೇರವಾಗಿ ಬಿದ್ದದ್ದು ಅಂಗೈ ಅಗಲಕ್ಕೆ ಮಾತ್ರ. ಸುತ್ತಲಿನ ತಗಡು ಅದರೊಂದಿಗೆ ಎಳೆದುಕೊಂಡು ಹೋಗಿ ಬಾಗಿದೆ, ಅಷ್ಟೇ. ಹಿಡಿದಿಟ್ಟಿರುವ ಮಡಿಕೆಯನ್ನು ಸಡಿಲಿಸಿದರೆ ಅದು ತಾನಾಗಿ ವಾಪಸ್ ಬರುತ್ತದೆ. ಆದ್ದರಿಂದ ಕೊನೆಗೆ ಆದ ಮಡಿಕೆ ಮೊದಲು, ಮೊದಲ ಪೆಟ್ಟಿನ ಗುಳಿ ಕೊನೆಗೆ. ಇಲ್ಲಿ ತಗ್ಗಿನ ಹಿಂತುದಿಯಲ್ಲಿ, ಲ್ಯಾಂಪಿನ ಹತ್ತಿರ, ಬಿಲ್ಲಿನಂತೆ ಒಂದು ಉಬ್ಬು ಎದ್ದಿತ್ತು. ಕೆಲಸ ಶುರುವಾದದ್ದು ಅಲ್ಲಿಂದ.

ಡಾಲಿಯನ್ನು, ಅಂದರೆ ತಗಡಿನ ಹಿಂದೆ ಆನಿಸಿ ಹಿಡಿಯುವ ಕಬ್ಬಿಣದ ಗಟ್ಟಿಯನ್ನು, ಒಳಗಿನಿಂದ ತಗ್ಗಿನ ಕೆಳಗೆ ಒತ್ತಿ ಹಿಡಿದು, ಸುತ್ತಿಗೆಯನ್ನು ಹೊರಗೆ ಪಕ್ಕದ ಉಬ್ಬಿನ ಮೇಲೆ ಆಡಿಸಬೇಕು. ಸುತ್ತಿಗೆ ಡಾಲಿಯ ನೇರಕ್ಕೆ ಬೀಳಬಾರದು. ಉಬ್ಬು ಇಳಿದಂತೆ ಡಾಲಿಯ ಒತ್ತಡಕ್ಕೆ ತಗ್ಗು ಏರುತ್ತದೆ. ಡಾಲಿಯ ಮೇಲೇ ನೇರ ಬಡಿದರೆ ನಡುವೆ ಸಿಕ್ಕ ತಗಡು ಚಪಾತಿಯ ಹಾಗೆ ತೆಳ್ಳಗಾಗಿ ಹಿಗ್ಗುತ್ತದೆ. ಹಿಗ್ಗಿದ ತಗಡಿಗೆ ಹೋಗಲು ಜಾಗವಿಲ್ಲದೆ ಹೊಟ್ಟೆ ಬರುತ್ತದೆ. ನೇರ ಬಡಿತ ಕೊನೆಯ ಸಣ್ಣ ಗುಳಿಗಳಿಗೆ ಮಾತ್ರ, ಅದೂ ಮಣಿಕಟ್ಟಿನಿಂದ, ಮೊಣಕೈಯಿಂದಲ್ಲ.

ಡಾಲಿ ಇಲ್ಲದಿದ್ದರೆ ಲಾರಿಯ ಹಳೇ ಲೀಫ್ ಪಟ್ಟಿಯ ತುಂಡನ್ನು ಗ್ರೈಂಡ್ ಮಾಡಿ, ಮೂಲೆ ದುಂಡಗೆ ತಿದ್ದಿ ಬಳಸಬಹುದು. ಆದರೆ ಸುತ್ತಿಗೆಯ ಮುಖ, ಡಾಲಿಯ ಮುಖ ಎರಡನ್ನೂ 400 ನಂಬರ್ ವಾಟರ್ ಪೇಪರಿನಿಂದ ಉಜ್ಜಿ ಹೊಳಪು ತರಬೇಕು. ಮುಖದ ಮೇಲಿನ ಒಂದು ಚಿಕ್ಕ ಕಚ್ಚು ಬಡಿದ ಕಡೆಯೆಲ್ಲ ಅಚ್ಚು ಒತ್ತುತ್ತದೆ.

ರೆಕ್ಕೆಯ ಏಣನ್ನು ಕಣ್ಣಳತೆಯಲ್ಲಿ ತಂದರೆ ಗಾಡಿಯ ಹಿಂದೆ ನಿಂತವನಿಗೆ ಎಡ ಬಲ ಬೇರೆ ಬೇರೆ ಕಂಡೇ ಕಾಣುತ್ತದೆ. ಬಲಗಡೆಯ ರೆಕ್ಕೆಗೆ 10 ಸೆಂ.ಮೀ.ಗೊಂದರಂತೆ ನಾಲ್ಕು ಕಡೆ ದಪ್ಪ ರಟ್ಟು ಅಡ್ಡ ಹಿಡಿದು ಅದರ ಆಕಾರಕ್ಕೆ ಕತ್ತರಿಸಿ, ಎಲ್ಲಿಂದ ಎಷ್ಟು ದೂರ ಎಂದು ಬರೆದುಕೊಂಡು, ತಿರುಗಿಸಿ ಎಡಗಡೆ ಹಿಡಿದರೆ ಬೇಕಾದ ಆಕಾರ ಕೈಯಲ್ಲೇ ಇರುತ್ತದೆ. ರಟ್ಟಿಗೂ ತಗಡಿಗೂ ನಡುವೆ ಬೆಳಕು ಕಂಡ ಕಡೆ ಇನ್ನೂ ತಗ್ಗು. ಏಣನ್ನು ಎತ್ತಿದ್ದು ಒಳಗಿನಿಂದ ಹಲಸಿನ ಮರದ ಮೊಂಡು ಉಳಿಯಂಥ ತುಂಡಿಟ್ಟು. ಕಬ್ಬಿಣದ ಉಳಿ ಗೆರೆ ಬಿಡುತ್ತದೆ.

ನಡುವೆ ಅಂಗೈ ಅಗಲದ ಜಾಗ ಹಿಗ್ಗಿಯೇ ಇತ್ತು. ಬೆರಳಲ್ಲಿ ಒತ್ತಿದರೆ ಡಬ್ಬಿ ಮುಚ್ಚಳದ ಹಾಗೆ ಟಕ್ ಎಂದು ಒಳಗೆ, ಬಿಟ್ಟರೆ ಟಕ್ ಎಂದು ಹೊರಗೆ. ಇದರ ಮೇಲೆ ಪುಟ್ಟಿ ಹಾಕಿದರೆ ಬಿರುಕು ಖಂಡಿತ. ಸುಡಿಸಿ ಕುಗ್ಗಿಸಬೇಕು: ಗ್ಯಾಸ್ ಟಾರ್ಚಿನ ಚಿಕ್ಕ ನಾಝಲಿನಿಂದ ಕಡಲೆಕಾಳಿನಷ್ಟು ಜಾಗವನ್ನು ಕೆಂಪಗೆ ಕಾಯಿಸಿ, ಉಬ್ಬಿದ ತುದಿಯನ್ನು ಡಾಲಿ ಹಿಡಿದು ಎರಡು ಮೂರು ಸಲ ಮೆಲ್ಲಗೆ ತಟ್ಟಿ, ಒದ್ದೆ ಬಟ್ಟೆ ಒತ್ತಬೇಕು. ಕಾದ ಚುಕ್ಕೆ ಹಿಗ್ಗಲು ಹೋದಾಗ ಸುತ್ತಲಿನ ತಣ್ಣನೆ ತಗಡು ಬಿಡುವುದಿಲ್ಲ, ಹಾಗಾಗಿ ಅದು ಅಲ್ಲೇ ದಪ್ಪವಾಗುತ್ತದೆ; ಆರುವಾಗ ಸುತ್ತಲಿನದನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ಐದು ಚುಕ್ಕೆಗೆ ಟಕ್ ಟಕ್ ನಿಂತಿತು. ಆರನೆಯದು ಬೇಕಿರಲಿಲ್ಲ, ಹಾಕಿದ್ದರಿಂದ ಪಕ್ಕದಲ್ಲಿ ಒಂದು ಸುಕ್ಕು ಬಂತು, ಅದನ್ನು ಡಾಲಿಯ ಮೇಲೆ ಬಡಿದು ಹಿಗ್ಗಿಸಿ ಸರಿ ಮಾಡಬೇಕಾಯಿತು. ಪ್ರತಿ ಚುಕ್ಕೆ ಪೂರ್ತಿ ಆರಿದ ಮೇಲೇ ಮುಂದಿನದು ಬೇಕೋ ಬೇಡವೋ ನೋಡುವುದು.

ರಟ್ಟು ಹಿಡಿದಾಗ ಎಲ್ಲೂ ಒಂದೂವರೆ ಮಿ.ಮೀ.ಗಿಂತ ಹೆಚ್ಚು ಸಂದಿ ಕಾಣದಿದ್ದರೆ ಸುತ್ತಿಗೆ ಕೆಳಗಿಡಬಹುದು.

ಕತ್ತರಿಸಿ ಬೆಸೆದದ್ದು

ತುಕ್ಕಿನ ಅಂಚಿಗೆ ಸರಿಯಾಗಿ ಕತ್ತರಿಸಿದರೆ ವೆಲ್ಡಿಂಗ್ ಹಿಡಿಯುವುದಿಲ್ಲ, ತೆಳ್ಳಗಾದ ಶೀಟು ಉರಿದು ತೂತಾಗುತ್ತದೆ. ಎರಡೂ ಮಗ್ಗುಲು ಬೆಳ್ಳಗೆ ಹೊಳೆಯುವ ತಗಡು ಸಿಗುವ ತನಕ ಹೋಗಬೇಕು. ಹೊರಗೆ 320 x 90 ಮಿ.ಮೀ., ಒಳಗಿನ ಗೂಡಿನಲ್ಲಿ 200 x 60 ಮಿ.ಮೀ. ಹೋಯಿತು. ಒಳಗಿನ ತುಂಡನ್ನು ಮೊದಲು ಕೂರಿಸಬೇಕು. ಹೊರಗಿನದು ಮುಚ್ಚಿದ ಮೇಲೆ ಅಲ್ಲಿಗೆ ಕೈ ಹೋಗದು.

ಶೀಟು 20 ಗೇಜಿನ ಸಿ.ಆರ್. (ಕೋಲ್ಡ್ ರೋಲ್ಡ್) ಶೀಟು, ಅಂದರೆ 0.9 ಮಿ.ಮೀ. ಜಿ.ಐ. (ಸತು ಲೇಪಿಸಿದ) ಶೀಟು ತುಕ್ಕು ಹಿಡಿಯುವುದಿಲ್ಲವಲ್ಲ ಎಂದು ಅದನ್ನೇ ತರುವವರಿದ್ದಾರೆ. ಬೆಸೆಯುವಾಗ ಅದರ ಸತು ಉರಿದು ಬಿಳಿ ಹೊಗೆ ಬರುತ್ತದೆ, ಆ ಹೊಗೆ ಕುಡಿದರೆ ರಾತ್ರಿ ಚಳಿಜ್ವರ. ಬೆಸುಗೆಯೂ ತೂತು ತೂತು.

ತೇಪೆಯನ್ನು ಹಳೇ ಶೀಟಿನ ಮೇಲೆ ಹತ್ತಿಸಿ ಬೆಸೆಯಬಾರದು. ಅಂಚಿಗೆ ಅಂಚು ಕೊಟ್ಟು, ನಡುವೆ ಒಂದು ಹ್ಯಾಕ್ಸಾ ಬ್ಲೇಡು ತೂರುವಷ್ಟು ಸಂದಿ ಬಿಟ್ಟು ಕೂರಿಸಬೇಕು. ಮೇಲೆ ಹತ್ತಿಸಿದರೆ ಹಿಂದೆ ಮತ್ತೆ ಅದೇ ನೀರು ಹಿಡಿಯುವ ಸಂದಿ, ಎಣ್ಣೆ ಡಬ್ಬಿ ತಗಡಿನ ಕತೆಯೇ.

ಗೇಟು, ಗ್ರಿಲ್ಲು ಬೆಸೆಯುವ ಆರ್ಕ್ ರಾಡು ಈ ತೆಳುವಿಗೆ ಆಗದು. 15 ಆಂಪ್ ಪ್ಲಗ್ಗಿಗೆ ಓಡುವ ಸಣ್ಣ ಸಿ.ಓ.ಟೂ ಮೆಷಿನ್ನು (ಗ್ಯಾಸಿನ ಮರೆಯಲ್ಲಿ ವೈರು ಕರಗಿಸಿ ಬೆಸೆಯುವುದು), 0.8 ಮಿ.ಮೀ. ವೈರು ಸಾಕಾಯಿತು, 0.6 ಸಿಕ್ಕರೆ ಇನ್ನೂ ಒಳ್ಳೆಯದು, ಕಮ್ಮಿ ಕರೆಂಟಿನಲ್ಲಿ ಕರಗುತ್ತದೆ. ಸಂಜೆ ವೋಲ್ಟೇಜ್ ಇಳಿದಾಗ ವೈರು ಕರಗದೆ ತಗಡಿಗೆ ಗುದ್ದುತ್ತದೆ, ಆಗ ನಿಲ್ಲಿಸುವುದೇ ಸರಿ. ಬಯಲು ಕಡೆಯಿಂದ ಬಂದ ಗಾಳಿ ಗ್ಯಾಸನ್ನು ಹಾರಿಸಿಕೊಂಡು ಹೋಗಿ ಮೊದಲ ನಾಲ್ಕು ಟ್ಯಾಕು ಸ್ಪಂಜಿನಂತೆ ಆದವು. ತೆಗೆದು, ಟಾರ್ಪಾಲು ಕಟ್ಟಿ, ಮತ್ತೆ ಹಾಕಿದ್ದಾಯಿತು.

ಮೊದಲು ನಾಲ್ಕು ಮೂಲೆ, ಆಮೇಲೆ ಎರಡರ ನಡುವೆ ಒಂದು, ಆಮೇಲೆ ಅದರ ನಡುವೆ. ಒಂದು ಟ್ಯಾಕು ಹಾಕಿ ಅಂಗೈ ಇಡಲು ಆಗುವಷ್ಟು ಆರಿದ ಮೇಲೆ ಗೇಣು ದೂರದಲ್ಲಿ ಇನ್ನೊಂದು. ಹೊರಗಿನ ಗೆರೆ ಪೂರ್ತಿ ಕೂಡಿಕೊಳ್ಳಲು ಮೂರು ಗಂಟೆ ಹಿಡಿಯಿತು. ಕೊನೆಯ ಒಂದು ಗೇಣನ್ನು ಎಳೆದುಕೊಂಡು ಹೋಗಿದ್ದಕ್ಕೆ ಅಲ್ಲೇ 3 ಮಿ.ಮೀ. ತಗ್ಗಿತು. ಬೆಸುಗೆ ಆರುವಾಗ ಕುಗ್ಗುತ್ತದೆ, ಕುಗ್ಗಿದ್ದನ್ನು ಹಿಗ್ಗಿಸಬೇಕು: ಬೆಸುಗೆಯ ಗೆರೆಯನ್ನು ಗ್ರೈಂಡ್ ಮಾಡಿ, ಹಿಂದೆ ಡಾಲಿ ಇಟ್ಟು, ಅದರ ಮೇಲೇ ನೇರವಾಗಿ ತಟ್ಟಿದಾಗ ಎದ್ದು ಬಂತು. ನೇರ ಬಡಿತಕ್ಕೆ ಇದು ಇನ್ನೊಂದು ಒಳ್ಳೆ ಜಾಗ. ಗ್ರೈಂಡಿಂಗಿಗೆ 80 ನಂಬರ್ ಫ್ಲ್ಯಾಪ್ ಡಿಸ್ಕು, ಅದೂ ಬಿಟ್ಟು ಬಿಟ್ಟು. ಒಂದೇ ಕಡೆ ಒತ್ತಿದರೆ ತಗಡು ನೀಲಿಯಾಗುತ್ತದೆ, ನೀಲಿಯಾದ ಕಡೆ ಸೊಟ್ಟಗಾಗುತ್ತದೆ.

ನೀರಿನ ವಿಷಯ

ಈ ಕಡೆಯ ಬೋರ್‌ವೆಲ್ ನೀರು ಎಷ್ಟು ಗಡಸು ಎಂದು ಗೀಸರಿನ ಕಾಯಿಲು ಬಿಚ್ಚಿದವರಿಗೆ ಗೊತ್ತು. ಅದೇ ನೀರಲ್ಲಿ ಬರಿ ತಗಡನ್ನೋ ಪ್ರೈಮರನ್ನೋ ತೊಳೆದು ಆರಲು ಬಿಟ್ಟರೆ ಉಪ್ಪಿನ ಬಿಳಿ ಉಂಗುರ ಉಳಿಯುತ್ತದೆ. ಮೇಲೆ ಬಣ್ಣ ಹೊಡೆದರೆ ಆ ಉಪ್ಪು ಬಣ್ಣದ ಪದರದ ಮೂಲಕವೇ ತೇವ ಎಳೆದುಕೊಳ್ಳುತ್ತದೆ, ಮೊದಲ ಮಳೆಗಾಲಕ್ಕೆ ಸಾಸಿವೆ ಗಾತ್ರದ ಗುಳ್ಳೆಗಳು ಏಳುತ್ತವೆ. ದೂರು ಬಣ್ಣದ ಕಂಪನಿಯ ಮೇಲೆ ಹೋಗುತ್ತದೆ. ಬ್ಯಾಟರಿ ಅಂಗಡಿಯ 5 ಲೀಟರ್ ಡಿಸ್ಟಿಲ್ಡ್ ವಾಟರ್ ಕ್ಯಾನು ಈ ಇಡೀ ಕೆಲಸಕ್ಕೆ ಸಾಕು. ಉಜ್ಜುವಾಗ ಯಾವ ನೀರಾದರೂ ಸರಿ, ಕೊನೆಯ ತೊಳೆತ ಮಾತ್ರ ಇದರಲ್ಲಿ.

ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ರಿಮೂವರ್ ಹಚ್ಚಿ, ಒಣಗಲು ಬಿಡದೆ ಬ್ರಷ್ಷಿನಿಂದ ಉಜ್ಜಿ, ತೊಳೆದು, ಹೀಟ್ ಗನ್ನಿನಿಂದ ಸಂದಿಯ ಒಳಗಿನ ತನಕ ಒಣಗಿಸಿದ್ದಾಯಿತು. ಆಸಿಡ್ಡಿನ ಅಂಶ ಉಳಿದರೆ ಎಪಾಕ್ಸಿ ಪ್ರೈಮರ್ (ನೀರು ತಡೆಯುವ ತಳಬಣ್ಣ) ಕೂಡಿಕೊಳ್ಳದೆ ಸಿಪ್ಪೆಯಂತೆ ಏಳುತ್ತದೆ. ಆಮೇಲೆ ಬೆಸುಗೆಯ ಎರಡೂ ಮಗ್ಗುಲಿಗೆ ಎರಡು ಕೋಟು ಎಪಾಕ್ಸಿ, ಒಳಗಿನ ಜೋಡಣೆಗೆ ಸಂದಿ ಮುಚ್ಚುವ ಸೀಮ್ ಸೀಲರ್. ಬರಿ ತಗಡಿನ ಮೇಲೆ ಪುಟ್ಟಿ ಎಳೆಯುವುದೇ ನಮ್ಮಲ್ಲಿ ರೂಢಿ. ಎಪಾಕ್ಸಿಯನ್ನು ಒರಟಾಗಿ ಉಜ್ಜಿ ಅದರ ಮೇಲೆ ಎಳೆದರೆ ಪುಟ್ಟಿ ಕುಡಿದ ನೀರು ತಗಡಿಗೆ ಮುಟ್ಟುವುದಿಲ್ಲ.

ಪುಟ್ಟಿ

ಪಾಲಿಯೆಸ್ಟರ್ ಪುಟ್ಟಿ 100 ಗ್ರಾಮಿಗೆ ಹಾರ್ಡ್ನರ್ 2 ಗ್ರಾಂ. ಕಣ್ಣಳತೆ ಬೇಡ, ಚಿನ್ನ ತೂಗುವಂಥ ಪುಟ್ಟ ತಕ್ಕಡಿ ಇಟ್ಟುಕೊಳ್ಳಿ. ಶಿವರಾತ್ರಿ ಕಳೆದು ಚಳಿ ಶಿವ ಶಿವಾ ಎಂದು ಹೋದ ಮೇಲೆ ಇಲ್ಲಿ ಮಧ್ಯಾಹ್ನ 33 ಡಿಗ್ರಿ ದಾಟುತ್ತದೆ. ಗಟ್ಟಿಯಾಗಲು ಡಬ್ಬಿಯ ಮೇಲೆ ಬರೆದ ಐದು ನಿಮಿಷ ಆಗ ಮೂರೇ ನಿಮಿಷ. ಬೇಗ ಗಟ್ಟಿಯಾಗಲಿ ಎಂದು ಹಾರ್ಡ್ನರ್ ಹೆಚ್ಚು ಹಾಕಿದರೆ ಅದರಲ್ಲಿ ಮಿಕ್ಕ ಪೆರಾಕ್ಸೈಡ್ ಮೇಲಿನ ಬಣ್ಣಕ್ಕೆ ಇಳಿದು ಕಲೆ ಮೂಡಿಸುತ್ತದೆ, ಕೆನೆ ಬಣ್ಣದಲ್ಲಿ ಅದು ಎದ್ದು ಕಾಣುತ್ತದೆ. ಕಮ್ಮಿಯಾದರೆ ಎಷ್ಟು ಹೊತ್ತಾದರೂ ಪೇಪರಿಗೆ ಅಂಟುತ್ತದೆ. ಕಲಸುವಾಗ ಗುಂಡಗೆ ತಿರುಗಿಸಿದರೆ ಗಾಳಿ ಸೇರಿ ಸೂಜಿ ತೂತು ಬೀಳುತ್ತವೆ. ಗಾಜಿನ ತುಂಡಿನ ಮೇಲೆ ಒತ್ತಿ ಒತ್ತಿ ಮಡಚಬೇಕು.

ಉಜ್ಜಲು 40 ಸೆಂ.ಮೀ. ಉದ್ದದ ನೇರ ಪಟ್ಟಿ, 80 ನಂಬರ್, ಆಮೇಲೆ 150, ಆಮೇಲೆ 220. ಅಂಗೈಗೆ ಪೇಪರ್ ಸುತ್ತಿ ಉಜ್ಜಿದರೆ ಬೆರಳಿನ ನಾಲ್ಕು ಗೆರೆ ಬಿಸಿಲಿನಲ್ಲಿ ಕಾಣುತ್ತವೆ. ಮತ್ತೆ, ಪುಟ್ಟಿಯನ್ನು ನೀರು ಹಾಕಿ ಉಜ್ಜಬೇಡಿ. ಧೂಳು ಏಳುವುದಿಲ್ಲ ಎಂಬ ಅನುಕೂಲಕ್ಕೆ ಬಹಳ ಅಂಗಡಿಗಳಲ್ಲಿ ಮಾಡುತ್ತಾರೆ, ಆ ನೀರು ಪುಟ್ಟಿಯಲ್ಲೇ ಉಳಿಯುತ್ತದೆ. ಮಾಸ್ಕು ಹಾಕಿ ಒಣಗೇ ಉಜ್ಜಿ. ಉಜ್ಜುವ ಮೊದಲು ಕಪ್ಪು ಸ್ಪ್ರೇಯನ್ನು ದೂರದಿಂದ ಮಂಜಿನಂತೆ ಹಾರಿಸಿದರೆ, ಉಜ್ಜಿದ ಮೇಲೆ ಕಪ್ಪು ಉಳಿದಲ್ಲಿ ತಗ್ಗು, ತಗಡು ಹೊಳೆದಲ್ಲಿ ಉಬ್ಬು. ಉಬ್ಬು ಸಿಕ್ಕರೆ ಪುಟ್ಟಿ ಏರಿಸದೆ ಆ ಉಬ್ಬನ್ನೇ ತಟ್ಟಿ ಇಳಿಸುವುದು, ಎಪಾಕ್ಸಿ ಕಿತ್ತ ಕಡೆ ಮತ್ತೆ ಮುಟ್ಟಿಸುವುದು.

ಕಲಸಿದ್ದು ಒಟ್ಟು 190 ಗ್ರಾಂ, ಉಜ್ಜಿ ಮುಗಿಸಿದ ಮೇಲೆ ಅದರಲ್ಲಿ ಮುಕ್ಕಾಲು ನೆಲದ ಮೇಲಿತ್ತು. ಉಳಿದ ಸೂಜಿ ತೂತುಗಳಿಗೆ ಎನ್.ಸಿ. (ನೈಟ್ರೊಸೆಲ್ಯುಲೋಸ್) ಪುಟ್ಟಿ, ಸವರಿ ಬಿಟ್ಟಷ್ಟೇ. ಅದು ಥಿನ್ನರ್ ಹಾರಿಯೇ ಒಣಗುವುದರಿಂದ ದಪ್ಪ ಹಾಕಿದರೆ ವಾರದ ಮೇಲೆ ಕುಸಿಯುತ್ತದೆ.

ಬಣ್ಣ

ಹಳೇ ಬಣ್ಣ ಯಾವುದು ಎಂದು ತಿಳಿಯಲು ಡಿಕ್ಕಿಯ ಒಳಗೆ ಥಿನ್ನರ್ ಬಟ್ಟೆ ಉಜ್ಜಿ. ಬಣ್ಣ ಬಟ್ಟೆಗೆ ಬಂದರೆ ಎನ್.ಸಿ., ಸುಕ್ಕುಗಟ್ಟಿದರೆ ಸಿಂಥೆಟಿಕ್ ಎನಾಮೆಲ್, ಏನೂ ಆಗದಿದ್ದರೆ ಟೂ-ಕೆ (ಹಾರ್ಡ್ನರ್ ಬೆರೆಸಿ ಹೊಡೆಯುವ ಬಣ್ಣ). ಇಲ್ಲಿ ಎನ್.ಸಿ. ಇತ್ತು, ಅದನ್ನೇ ಹೊಡೆದದ್ದು. ಟೂ-ಕೆ ಹೊಳಪು ಹೆಚ್ಚು, ಬಾಳಿಕೆಯೂ ಹೆಚ್ಚು. ಆದರೆ ಅದರ ಹಾರ್ಡ್ನರಿನ ಐಸೋಸಯನೇಟ್ ಶ್ವಾಸಕೋಶಕ್ಕೆ ಹೋದರೆ ಆಸ್ತಮಾ ಬರಬಹುದು, ಬಟ್ಟೆ ಮಾಸ್ಕು ಅದಕ್ಕೆ ಲೆಕ್ಕವೇ ಅಲ್ಲ. ಹೊರಗಿನ ಗಾಳಿ ಪೈಪಿನಲ್ಲಿ ಬರುವ ಮುಸುಕು ಇಲ್ಲದ ಮನೆಯ ಶೆಡ್ಡಿನಲ್ಲಿ ಅದು ಬೇಡ. ಎನ್.ಸಿ.ಗೂ ಕಾರ್ಟ್ರಿಜ್ ಮಾಸ್ಕು ಬೇಕು. ಪಕ್ಕದಲ್ಲಿ ರೇಷ್ಮೆ ಹುಳ ಮನೆ ಇದ್ದರೆ ಗಾಳಿ ಆ ಕಡೆ ಬೀಸುವ ದಿನ ಗನ್ನು ಮುಟ್ಟಬೇಡಿ.

ಮಾವು ಹೂ ಬಿಟ್ಟಿರುವಾಗ ಮರದಡಿ ಅಥವಾ ಅದರ ಗಾಳಿಗೆ ಬಣ್ಣ ಹೊಡೆಯಬಾರದು ಎಂದು ಮಾವು ಬೆಳೆಯುವ ಶ್ರೀನಿವಾಸಪುರದ ಕಡೆಯವರಿಗೆ ಹೇಳಬೇಕಿಲ್ಲ: ಜಿಗಿಹುಳು ಉದುರಿಸುವ ಅಂಟು ಮಂಜಿನಂತೆ ಕೂರುತ್ತದೆ. ಒರೆಸದೆ ಹೊಡೆದರೆ ಬಣ್ಣ ಅಲ್ಲಿ ಬಿಟ್ಟುಕೊಂಡು ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ. ಡ್ಯಾಷ್‌ಬೋರ್ಡಿಗೆ ಹಚ್ಚುವ ಸಿಲಿಕೋನ್ ಪಾಲಿಷೂ ಇದೇ ಕೆಲಸ ಮಾಡುತ್ತದೆ, ಅದನ್ನು ಶೆಡ್ಡಿಗೇ ತರಬೇಡಿ.

ಎನ್.ಸಿ. ಸರ್ಫೇಸರ್ (ಬಣ್ಣದಡಿಯ ನುಣುಪು ಲೇಪ) ಮೂರು ಕೋಟು, ಎರಡು ದಿನ ಬಿಟ್ಟು 600 ನಂಬರ್ ಪೇಪರಿನಲ್ಲಿ ನೀರು ಹಾಕಿ ಉಜ್ಜಿದ್ದು. ಬಣ್ಣ ಒಂದಕ್ಕೆ ಥಿನ್ನರ್ ಒಂದೂಕಾಲು, 1.4 ಮಿ.ಮೀ. ನಾಝಲ್, ಗನ್ನು ತಗಡಿನಿಂದ ಒಂದು ಗೇಣಿಗಿಂತ ತುಸು ಹತ್ತಿರ, ಪ್ರತಿ ಪಟ್ಟಿ ಹಿಂದಿನದರ ಅರ್ಧ ಮುಚ್ಚುವಂತೆ. ಆರು ಕೋಟು, ನಡುವೆ ಹತ್ತು ಹತ್ತು ನಿಮಿಷ. ಬೆಳಿಗ್ಗೆ ಎಂಟೂವರೆಯಿಂದ ಹನ್ನೊಂದರೊಳಗೆ ಮುಗಿಸಿದರೆ ಗಾಳಿ ಏಳುವುದಿಲ್ಲ, ಇಬ್ಬನಿಯ ತೇವವೂ ಹೋಗಿರುತ್ತದೆ. ತೇವ ಇರುವಾಗ ಹೊಡೆದರೆ ಥಿನ್ನರ್ ಹಾರುವ ತಂಪಿಗೆ ನೀರು ಕೂತು ಬಣ್ಣ ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಹಾಗಾದರೆ ರಿಟಾರ್ಡರ್ (ನಿಧಾನ ಹಾರುವ ಥಿನ್ನರ್) ಬೆರೆಸಿದ ಒಂದು ತೆಳು ಕೋಟು ಅದನ್ನು ಕರಗಿಸಿ ಸರಿಪಡಿಸುತ್ತದೆ. ಮೇಲೆ ಗಾಡಿಯ ಛಾವಣಿಯ ಕಂಬದ ಕಡೆಗೆ ಟೇಪಿನ ಗೆರೆ ಕೊಡದೆ, ಥಿನ್ನರ್ ಹೆಚ್ಚಿಸಿದ ಕೊನೆಯ ಕೋಟನ್ನು ಹಳೇ ಬಣ್ಣದೊಳಕ್ಕೆ ತೇಲಿಸಿ ಬಿಡುವುದು. ಎನ್.ಸಿ.ಯಲ್ಲಿ ಹಳತು ಹೊಸತು ಕರಗಿ ಕೂಡುತ್ತವೆ, ಇದರ ದೊಡ್ಡ ಅನುಕೂಲವೇ ಅದು. ಏಳು ದಿನ ಬಿಟ್ಟು 1500, 2000 ನಂಬರ್ ಪೇಪರು, ಕೊನೆಗೆ ಹೊಳಪಿಗೆ ಕಾಂಪೌಂಡು.

ಮತ್ತೆ ಒಳಗೆ

ಬೆಸೆಯುವಾಗಿನ ಬಿಸಿಗೆ ಎರಡು ಶೀಟಿನ ನಡುವೆ ಸುಟ್ಟ ಜಾಗಕ್ಕೆ ಬ್ರಷ್ಷು ಹೋಗದು. ತೆಳು ಟ್ಯೂಬಿನ ಕ್ಯಾವಿಟಿ ವ್ಯಾಕ್ಸನ್ನು (ಸಂದಿಗೆ ಹಾರಿಸುವ ಮೇಣ) ಡಿಕ್ಕಿಯ ಒಳಗಿನಿಂದ ಸಂದಿಯ ಉದ್ದಕ್ಕೂ ಹಾರಿಸಿದ್ದಾಯಿತು, ಕಮಾನಿನ ಅಂಚಿನಿಂದ ತೊಟ್ಟಿಕ್ಕುವ ತನಕ. ಇದು ಬಣ್ಣಕ್ಕಿಂತ ಮುಂಚೆ ಮಾಡುವ ಕೆಲಸವಲ್ಲ. ವ್ಯಾಕ್ಸು ಬಿದ್ದ ಕಡೆ ಬಣ್ಣ ನಿಲ್ಲದು. ಸುಟ್ಟ ಎಂಜಿನ್ ಆಯಿಲ್ ಸುರಿಯುವ ಹಳೇ ರೂಢಿ ತುಕ್ಕು ತಡೆಯುವುದೇನೋ ನಿಜ, ಆದರೆ ಡಿಕ್ಕಿಯ ರಬ್ಬರುಗಳು ಊದಿಕೊಂಡು ನೀರು ಬಿಡಲು ಶುರುಮಾಡುತ್ತವೆ.

ಕೊನೆಗೆ ಡಿಕ್ಕಿಯ ಅಂಚಿನ ಕಾಲುವೆಗೆ ಒಂದು ಚೊಂಬು ನೀರು ಹೊಯ್ದು ಎಲ್ಲಿಂದ ಇಳಿಯುತ್ತದೆ ನೋಡಿದ್ದು. ಎಡ ಮೂಲೆಯಿಂದ ಒಂದು ಹನಿಯೂ ಬರಲಿಲ್ಲ. ಹಳೇ ಅಂಡರ್‌ಕೋಟು ನೀರು ಇಳಿಯುವ ತೂತನ್ನು ಮುಚ್ಚಿತ್ತು. 8 ಮಿ.ಮೀ. ಡ್ರಿಲ್ ಬಿಟ್ ಹಾಕಿ ಅದನ್ನು ಬಿಡಿಸಿ, ಅಂಚಿಗೆ ಎಪಾಕ್ಸಿ ಮುಟ್ಟಿಸಿ, ಮತ್ತೊಂದು ಚೊಂಬು ಹೊಯ್ದರೆ ಕೆಂಪು ನೀರು, ಆಮೇಲೆ ತಿಳಿ ನೀರು.

ಬಲಗಡೆಯದನ್ನು ಇನ್ನೂ ಬಿಚ್ಚಿಲ್ಲ. ಮ್ಯಾಗ್ನೆಟ್ಟು ಅಲ್ಲೂ ಕಮಾನಿನ ಅಂಚಿನಲ್ಲಿ ನಾಲ್ಕು ಬೆರಳು ಅಗಲಕ್ಕೆ ಜಾರುತ್ತದೆ.